ಯಾರದೂ ಅಲ್ಲದ ತಿಂಗಳು

ಬೆಳಗ್ಗೆ ಏಳೂ ಕಾಲಿಗೆ ಪಿಳ್ಳಮ್ಮನ ತೊಡೆಗೆ ಇನ್ಸುಲಿನ್ ಚುಚ್ಚಿದರು. ಎಲ್ಲ ಕೆಟ್ಟದ್ದು ಆಗಿನಿಂದ. ಚುಚ್ಚಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಔಷಧದ ಅಳತೆ ಸರಿಯಿತ್ತು, ಸೂಜಿಯನ್ನು ಚೆನ್ನಾಗಿ ಕುದಿಸಿದ್ದರು, ಹೊತ್ತು ಮೀರಿರಲಿಲ್ಲ. ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ ಆಕೆ ಏನನ್ನಾದರೂ ತಿನ್ನಬೇಕಿತ್ತು. ಅದೊಂದು ಆಗಲಿಲ್ಲ.

ಸಂಜಯನಗರದ ನಮ್ಮ ರಸ್ತೆಯ ಕೊನೆಯಲ್ಲಿ ಈಚೆಗೆ ಒಂದು ಹಿಟ್ಟಿನ ಗಿರಣಿ ತೆರೆದಿದ್ದಾರೆ. ಮಳೆ ಹಿಡಿದ ದಿನ ರಾಗಿ ಬೀಸುವಾಗಿನ ಆ ಬಿಸಿ ವಾಸನೆ ನಮ್ಮ ಬಾಗಿಲವರೆಗೂ ಬರುತ್ತದೆ. ಬಂದ ಕೂಡಲೇ ನನ್ನ ಕೈ ತಾನಾಗಿ ಚೀಲದೊಳಗೆ ಹೋಗಿ, ಸಕ್ಕರೆಯ ಪೊಟ್ಟಣ ಇದೆಯೇ ಎಂದು ಮುಟ್ಟಿ ನೋಡುತ್ತದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಮನೆಯಲ್ಲಿ ಯಾರಿಗೂ ಇಲ್ಲ. ಆದರೂ ಎಂಬತ್ತೈದರ ಆ ಮಳೆಗಾಲದಿಂದ ಈಚೆಗೆ ಸಕ್ಕರೆ ಇಲ್ಲದೆ ನಾನು ಹೊಸ್ತಿಲು ದಾಟಿಲ್ಲ.

ಆಗ ನಾನು ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಆರ್.ಟಿ. ನಗರದಲ್ಲಿ ಕೆಲಸಕ್ಕೆ ಸೇರಿದ್ದೆ. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಒಬ್ಬ ಡಾಕ್ಟರು ಹಿಟ್ಟಿನ ಗಿರಣಿಯ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದು, ಹಾಸಿಗೆ ಹಿಡಿದ ಮುದುಕರಿಗಾಗಿ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಅವರು ಮನೆ ಮನೆಗೆ ಹೋಗಿ ನೋಡುವರು. ಉಳಿದದ್ದೆಲ್ಲ ನನ್ನ ಪಾಲು. ಯಾರ ಮನೆಯಲ್ಲಿ ಯಾರು ಸೂಜಿ ಚುಚ್ಚಬೇಕು, ಬೆನ್ನಿನ ಹುಣ್ಣಿಗೆ ಯಾರು ಪಟ್ಟಿ ಕಟ್ಟಬೇಕು, ಯಾವ ಆಸ್ಪತ್ರೆಗೆ ಯಾವ ದಿನ ಹೇಗೆ ಕರೆದೊಯ್ಯಬೇಕು, ನಿಂತುಹೋದ ಪಿಂಚಣಿಗೆ ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು ಎಂಬುದನ್ನೆಲ್ಲ ಹೊಂದಿಸಬೇಕು. ಈ ಕೆಲಸಕ್ಕೆ ಜನರ ಬಾಯಲ್ಲಿ ಹೆಸರಿರಲಿಲ್ಲ. ಮೊದಲ ಸಲ ಕಂಡಾಗ ಪಿಳ್ಳಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮುದುಕ್ರಿಗೂ ಒಬ್ಳು ಟೀಚರಮ್ಮ ಬಂದ್ಲಪ್ಪ” ಎಂದಿದ್ದಳು. ಕೆಲವು ದಿನ ಅದೇ ಹೆಸರು ನಡೆಯಿತು.

ಪಿಳ್ಳಮ್ಮ ಯಲಹಂಕದವಳು. ಹೊಲವಿದ್ದ ಕಾಲದಲ್ಲಿ ಸೊಪ್ಪು ಬೆಳೆದು, ಬೆಳಗಿನ ಮೊದಲ ರೈಲಿಗೆ ಕಟ್ಟು ಹೊತ್ತು ಯಶವಂತಪುರಕ್ಕೆ ಹೋಗಿ ಮಾರಿ ಬರುತ್ತಿದ್ದವಳು. ಹೊಲ ಬಡಾವಣೆಗೆ ಹೋಯಿತು, ಗಂಡ ತೀರಿಕೊಂಡ, ಸಕ್ಕರೆ ಕಾಯಿಲೆ ಬಂತು. ಬಚ್ಚಲಲ್ಲಿ ಜಾರಿ ಸೊಂಟ ಮುರಿದ ಮೇಲೆ ಆಕೆ ಎದ್ದು ನಡೆಯಲಿಲ್ಲ. ಗಂಡುಮಕ್ಕಳು ಇಬ್ಬರು. ದೊಡ್ಡವನು ನಂಜುಂಡಪ್ಪ ಯಶವಂತಪುರದಲ್ಲಿ ಮಂಡಿಯ ಕೆಲಸದಲ್ಲಿದ್ದ. ಚಿಕ್ಕವನು ಕೃಷ್ಣಪ್ಪ ಯಲಹಂಕದ ಹಳೇ ಪೇಟೆಯಲ್ಲೇ ಉಳಿದಿದ್ದ. ತಾಯಿಯನ್ನು ಅವರು ಪಾಳಿಯ ಮೇಲೆ ನೋಡಿಕೊಳ್ಳುತ್ತಿದ್ದರು, ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಕ್ಯಾಲೆಂಡರಿನ ತಿಂಗಳಲ್ಲ. ಅಮಾವಾಸ್ಯೆ ಕಳೆದ ಮಾರನೆಯ ಬೆಳಗ್ಗೆ ಆಕೆಯನ್ನು ಆಟೋದಲ್ಲಿ ಮಲಗಿಸಿ ಇನ್ನೊಂದು ಮನೆಗೆ ಸಾಗಿಸಬೇಕು.

ಈ ಪಾಳಿಗೆ ಒಂದು ಕಟ್ಟಳೆ ಇತ್ತು. ಹೊಸ ತಿಂಗಳ ಮೊದಲ ತುತ್ತು ಯಾವ ಮನೆಯಲ್ಲಿ ಬಾಯಿಗೆ ಬೀಳುತ್ತದೆಯೋ ಆ ತಿಂಗಳು ಆ ಮನೆಯದು. ಅಣ್ಣತಮ್ಮಂದಿರು ಬೇರೆಯಾದಾಗ ಹಿರಿಯರು ಕೂತು ಮಾಡಿದ ಕಟ್ಟಳೆಯಂತೆ. ಅದನ್ನು ಮಾಡಿದಾಗ ಪಿಳ್ಳಮ್ಮ ಗಟ್ಟಿಯಾಗಿದ್ದಳು, ತಾನೇ ನಡೆದು ಹೋಗಿ ಉಣ್ಣುತ್ತಿದ್ದಳು. ಸೂಜಿ, ಇನ್ಸುಲಿನ್ ಯಾರ ಲೆಕ್ಕದಲ್ಲೂ ಇರಲಿಲ್ಲ. ಪಾಳಿ ಇದೆ ಎಂಬುದು ನನಗೆ ಗೊತ್ತಿತ್ತು. ತುತ್ತಿನ ಮಾತು ನನಗೆ ತಿಳಿದದ್ದು ಆ ದಿನವೇ.

ಹಿಂದಿನ ದಿನ ಭೀಮನ ಅಮಾವಾಸ್ಯೆ. ನಂಜುಂಡಪ್ಪನ ಮನೆಯಲ್ಲಿ ಕಡುಬು ಮಾಡಿದ್ದರು. ಸಕ್ಕರೆ ಕಾಯಿಲೆಯೆಂದು ಪಿಳ್ಳಮ್ಮನಿಗೆ ಕೊಟ್ಟಿರಲಿಲ್ಲ. ಹೊತ್ತು ಮುಳುಗುವ ಮೊದಲು ಒಂದು ಸಣ್ಣ ಮುದ್ದೆ ಕೊಟ್ಟು ಮಲಗಿಸಿದ್ದರು. ಬೆಳಗ್ಗೆ ನಾನು ಹೋದಾಗ ಆಕೆಗೆ ಮೈ ಒರೆಸಿ, ತಲೆ ಬಾಚಿ, ಒಗೆದ ಸೀರೆ ಸುತ್ತಿ ಕೂರಿಸಿದ್ದರು. ಹಿರಿಯ ಸೊಸೆ ಜಯಮ್ಮ ಅಚ್ಚುಕಟ್ಟಿನ ಹೆಂಗಸು. ಸೂಜಿ ಹಾಕಲು ನಾನೇ ಕಲಿಸಿದ್ದೆ, ಒಂದೇ ವಾರದಲ್ಲಿ ಕಲಿತಿದ್ದಳು. ಇಂಜೆಕ್ಷನ್ ಆಯಿತೇ ಎಂದು ಕೇಳಿದೆ. ಏಳೂ ಕಾಲಿಗೇ ಆಯಿತು ಎಂದಳು. ತಿಂಡಿ ಎಂದೆ. ಸಿರಿಂಜಿನ ಡಬ್ಬಿಯನ್ನು ನನ್ನ ಕೈಗಿಡುತ್ತಾ, ನನ್ನ ಮುಖ ನೋಡದೆ, ಗಂಜಿ ಕುಡಿಸಿದ್ದೇನೆ ಎಂದಳು. ಪಿಳ್ಳಮ್ಮ ಪಕ್ಕದಲ್ಲೇ ಇದ್ದಳು. ಸೊಸೆಯ ಮಾತು ಕೇಳಿಸಿಕೊಂಡು ಸೆರಗು ಸರಿಪಡಿಸಿಕೊಂಡಳು.

ನಮ್ಮ ಸಂಸ್ಥೆಯ ರೋಗಿಗಳನ್ನು ಸಾಗಿಸುತ್ತಿದ್ದವನು ಸಯ್ಯದ್. ಆಟೋದ ಹಿಂದಿನ ಸೀಟಿಗೆ ಹಲಗೆ ಕೂಡಿಸಿ, ಮೇಲೆ ಹತ್ತಿಯ ಹಾಸಿಗೆ ಹಾಸಿ, ಮಲಗಿದವರು ಉರುಳದಂತೆ ದುಪ್ಪಟಿ ಕಟ್ಟುತ್ತಿದ್ದ. ನಾನು ಪಿಳ್ಳಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುದುಡಿ ಕೂತೆ. ಸೋನೆ ಮಳೆ. ಎರಡೂ ಕಡೆ ಟಾರ್ಪಾಲು ಇಳಿಬಿಟ್ಟಿದ್ದರಿಂದ ಒಳಗೆ ಕತ್ತಲೆ. ಹೆಬ್ಬಾಳದ ಕೆರೆ ಏರಿ ದಾಟುವ ಹೊತ್ತಿಗೆ ಆಕೆಯ ಹಣೆಯಲ್ಲಿ ಬೆವರು ಕಂಡಿತು. ಆ ಚಳಿಯಲ್ಲಿ ಬೆವರು ಎಂದರೆ ಏನೆಂದು ನನಗೆ ಪಾಠವಾಗಿತ್ತು. ಗಂಜಿ ಎಷ್ಟು ಕುಡಿದಿರಿ ಎಂದು ಕೇಳಿದೆ.

“ಗಂಜೀನೂ ಇಲ್ಲ, ನೀರೂ ಇಲ್ಲ ಕಣವ್ವ” ಎಂದಳು. “ಅವ್ಳ ತಿಂಗ್ಳು ನೆನ್ನೇಗೆ ಮುಗೀತು.”

ಆಗ ತುತ್ತಿನ ಕಟ್ಟಳೆಯನ್ನು ಆಕೆಯೇ ಹೇಳಿದಳು. ಸೊಸೆಯ ಮೇಲೆ ಸಿಟ್ಟಿರಲಿಲ್ಲ. ಬೆಳಗಾದ ಮೇಲೆ ಆ ಮನೆಯಲ್ಲಿ ಬಾಯಿಗೆ ಏನು ಹಾಕಿದರೂ ಹೊಸ ತಿಂಗಳು ಅವರ ಕುತ್ತಿಗೆಗೆ ಬೀಳುತ್ತಿತ್ತಲ್ಲ ಎಂದಳು. ಸೂಜಿ ಊಟವಲ್ಲ, ಅದಕ್ಕೇ ಚುಚ್ಚಿದಳು. ಸಯ್ಯದನಿಗೆ ಯಾವುದಾದರೂ ಹೋಟೆಲಿನ ಮುಂದೆ ನಿಲ್ಲಿಸೆಂದೆ. ಪಿಳ್ಳಮ್ಮ ನನ್ನ ಕೈ ಹಿಡಿದು ಬೇಡವೆಂದಳು. ಮಗನ ಮನೆ ಮುಂದಿಟ್ಟುಕೊಂಡು ಹೋಟೆಲಲ್ಲಿ ತಿಂದವಳು ಅನ್ನಿಸಿಕೊಳ್ಳಬೇಕೇ, ಕಿಟ್ಟನ ಹೆಂಡತಿ ರೊಟ್ಟಿ ತಟ್ಟಿರುತ್ತಾಳೆ, ನಡಿ ಎಂದಳು. ನಾನು ಮಾತು ಕೇಳದೆ ನಿಲ್ಲಿಸಿದೆ. ಸಯ್ಯದ್ ಎರಡು ಬನ್ನು, ಲೋಟದಲ್ಲಿ ಹಾಲು ತಂದ. ಆಕೆ ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಹಾಲು ಸೀರೆಯ ಮೇಲೆ ಚೆಲ್ಲಿತು. ವಾದ ಮಾಡುವುದಕ್ಕಿಂತ ಬೇಗ ಮನೆ ಸೇರುವುದೇ ಮೇಲೆಂದು ಹೊರಟೆವು. ಯಲಹಂಕದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಅರ್ಧ ದಾಟಿ ನಿಂತುಬಿಟ್ಟಿತ್ತು. ಆ ಗಾಡಿ ನನ್ನ ತಲೆಯಲ್ಲಿ ಇಂದಿಗೂ ಅಲ್ಲೇ ನಿಂತಿದೆ. ಕಲ್ಲಿದ್ದಲು ತುಂಬಿದ ಡಬ್ಬಿಗಳು, ಮೇಲೆ ಮಳೆ, ತೊಡೆಯ ಮೇಲೆ ತಣ್ಣಗಾಗುತ್ತಿರುವ ಒಂದು ತಲೆ.

ಹಳೇ ಪೇಟೆಯ ಆ ಓಣಿಯಲ್ಲಿ ಕೃಷ್ಣಪ್ಪನ ಮನೆಯ ಬಾಗಿಲು ಮುಚ್ಚಿತ್ತು. ಬೀಗ ಇರಲಿಲ್ಲ. ಒಳಗಿಂದ ಅಗುಳಿ ಹಾಕಿದ್ದರು. ಒಲೆಯ ಹೊಗೆ ಹೆಂಚಿನ ಸಂದಿಯಿಂದ ಬರುತ್ತಿತ್ತು. ಬಾಗಿಲು ಬಡಿದೆ, ಕೂಗಿದೆ. ಬೀದಿಯ ಕಡೆಯ ಕಿಟಕಿ ಒಂದು ಗೇಣು ತೆರೆಯಿತು. ಸರಳಿನ ಹಿಂದೆ ಕಿರಿಯ ಸೊಸೆ ಸರೋಜ.

“ಇದು ಅಧಿಕ ಮಾಸ ಮೇಡಂ” ಎಂದಳು. “ನಮ್ ಪಾಳಿ ನಿಜ ಶ್ರಾವಣಕ್ಕೆ. ಬರೋ ಅಮಾವಾಸ್ಯೆ ಆದ್ಮೇಲೆ ಕರ್ಕೊಂಡ್ ಬನ್ನಿ.”

ಆ ವರ್ಷ ಶ್ರಾವಣ ಎರಡು ಬಂದಿತ್ತು, ಮೊದಲು ಅಧಿಕ, ಆಮೇಲೆ ನಿಜ. ಆಷಾಢ ದೊಡ್ಡವನದು, ಶ್ರಾವಣ ಚಿಕ್ಕವನದು. ಹೆಸರೇ ಶ್ರಾವಣ ಇರುವಾಗ ಎರಡೂ ಅವನದೇ ಎಂದು ನಂಜುಂಡಪ್ಪ ಕಳಿಸಿದ್ದ. ಅಧಿಕ ಮಾಸ ಲೆಕ್ಕಕ್ಕಿಲ್ಲದ್ದು, ಆಷಾಢದ ಬಾಲ ಎಂದು ಕೃಷ್ಣಪ್ಪ ಬಾಗಿಲು ಹಾಕಿದ್ದ. ಇಬ್ಬರಿಗೂ ಇದು ವಾರದ ಹಿಂದೆಯೇ ಗೊತ್ತಿತ್ತು. ಒಬ್ಬರಿಗೊಬ್ಬರು ಹೇಳಿಕೊಂಡಿದ್ದರು ಕೂಡ. ಯಾರು ಸೋಲುತ್ತಾರೋ ನೋಡೋಣ ಎಂದು ಇಬ್ಬರೂ ಸುಮ್ಮನಿದ್ದರು. ನಡುವೆ ಆಟೋದಲ್ಲಿ ತಾಯಿ.

ಬನ್ನು ಅಗಿದು ನುಂಗುವ ಸ್ಥಿತಿ ಆಕೆಗೆ ಉಳಿದಿರಲಿಲ್ಲ. ಪಾಳಿಯ ಮಾತು ಆಮೇಲೆ, ಈಗ ಒಂದು ಹಿಡಿ ಸಕ್ಕರೆ ಕೊಡಿ ಎಂದೆ. ಸಕ್ಕರೆ ಇಲ್ಲದಿದ್ದರೆ ಬೆಲ್ಲವಾದರೂ ಕೊಡಿ, ಕೊಡದಿದ್ದರೆ ಇವರು ಸಾಯುತ್ತಾರೆ ಎಂದೆ. ನನ್ನ ದನಿ ಕೀರಲಾಗಿತ್ತು. ಸರೋಜ ಹಿಂದೆ ತಿರುಗಿ ನೋಡಿದಳು. ಕತ್ತಲಲ್ಲಿ ಕೃಷ್ಣಪ್ಪ ಇದ್ದ, ಮುಖ ಕಾಣಲಿಲ್ಲ, ಬನಿಯನ್ ಮಾತ್ರ ಕಂಡಿತು. ಅವನು ನಿಧಾನವಾಗಿ, ಮರ್ಯಾದೆಯಿಂದಲೇ ಹೇಳಿದ.

“ನೀವು ಓದ್ದೋರು, ನಿಮಗೆ ಅರ್ಥ ಆಗ್ಬೇಕು. ಒಂದು ಚೂರು ಬೆಲ್ಲ ನಮ್ಮನೇದು ಬಾಯಿಗೆ ಹೋದ್ರೂ ತಿಂಗಳು ನಮ್ಮದಾಗುತ್ತೆ. ಇವತ್ತು ಬಿಟ್ಕೊಟ್ರೆ ಇನ್ನು ಬರೋ ಅಧಿಕ ಮಾಸ ಎಲ್ಲಾ ನಮ್ ತಲೇಗೇ.”

ಕಿಟಕಿ ಮುಚ್ಚಿತು.

ಅಷ್ಟರಲ್ಲಿ ಓಣಿಯ ಜನ ಕೊಡೆ ಹಿಡಿದು, ಗೋಣಿಚೀಲ ಹೊದ್ದು ಸೇರಿದ್ದರು. ಪಿಳ್ಳಮ್ಮನ ಕೈಯ ಸೊಪ್ಪು ತಿಂದು ಬೆಳೆದ ಓಣಿ ಅದು. ಯಾರಾದರೂ ಸಕ್ಕರೆ ತನ್ನಿ ಎಂದು ಬೇಡಿಕೊಂಡೆ. ಎದುರು ಮನೆಯ ಹೆಂಗಸೊಬ್ಬಳು ಒಳಗೆ ಹೋಗಲು ತಿರುಗಿದಳು. ಅವಳ ಗಂಡ ತೋಳು ಹಿಡಿದು, ಅವರ ಮನೆ ಪಾಳಿ ವ್ಯಾಜ್ಯ ನಮಗ್ಯಾಕೆ, ನಾಳೆ ನಮ್ಮ ಮೇಲೆ ಬರುತ್ತದೆ ಎಂದ. ಒಬ್ಬ ಮುದುಕ ಮನೆಯಿಂದ ಪಂಚಾಂಗ ತಂದು, ಮಳೆಗೆ ನೆನೆಯದಂತೆ ಪಂಚೆಯೊಳಗೆ ಮುಚ್ಚಿಕೊಂಡು ತೆರೆದ. ಅಧಿಕ ಮಾಸಕ್ಕೆ ಯಜಮಾನ ಯಾರು ಎಂಬ ಚರ್ಚೆ ಶುರುವಾಯಿತು. ಹಿರಿಯನಿಗೇ ಸೇರಬೇಕೆಂದು ಕೆಲವರು ಹೇಳಿದರು, ಹೆಸರು ಯಾರದೋ ಅವನಿಗೇ ಎಂದು ಕೆಲವರು. ಒಬ್ಬ ಹಾಸ್ಯಗಾರ, ಎರಡು ಭಾಗ ಮಾಡಿ, ಮೇಲಿನರ್ಧ ಅಲ್ಲಿ ಕೆಳಗಿನರ್ಧ ಇಲ್ಲಿ ಇರಲಿ ಎಂದ. ಜನ ನಕ್ಕರು. ಆ ನಗು ಇನ್ನೂ ನಿಲ್ಲುವ ಮುಂಚೆ ಪಿಳ್ಳಮ್ಮನೂ ನಕ್ಕಳು. ಅದು ಕೇಳಿ ನಕ್ಕದ್ದಲ್ಲ. ನಾಲಿಗೆ ತೊದಲುತ್ತಿತ್ತು. ಸತ್ತ ಗಂಡನನ್ನು ಕರೆದು, ರೈಲು ಬಂತು, ಕಟ್ಟು ಎತ್ತಿಕೊಡು ಎನ್ನುತ್ತಿದ್ದಳು. ಆಮೇಲೆ ಅದೂ ನಿಂತಿತು. ಕಣ್ಣುಗುಡ್ಡೆ ಮೇಲೆ ಹೋಯಿತು, ದವಡೆ ಬಿಗಿಯಿತು, ಕೈಕಾಲು ಅದುರತೊಡಗಿದವು.

ಸಯ್ಯದ್ ಯಾವಾಗ ಹೋದನೋ ನಾನು ನೋಡಿರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಚಹದ ಅಂಗಡಿಯಿಂದ ಎರಡು ಮುಷ್ಟಿ ಸಕ್ಕರೆಯನ್ನು ಟೋಪಿಯೊಳಗೆ ಹಾಕಿಕೊಂಡು ಓಡಿ ಬಂದ. ಅರ್ಧ ಮಳೆಗೆ ಕರಗಿ ಅಂಟಾಗಿತ್ತು.

“ನಮ್ಮನೇಲಿ ಯಾವ ಪಾಳೀನೂ ಇಲ್ಲ ಮೇಡಂ, ಹಾಕಿ” ಎಂದ.

ನಾನು ಆ ಪಾಕವನ್ನು ಬೆರಳಿಗೆ ಮೆತ್ತಿಕೊಂಡು ಆಕೆಯ ಕೆನ್ನೆಯ ಒಳಗೆ, ಒಸಡಿನ ಮೇಲೆ ತಿಕ್ಕಿದೆ. ಹಲ್ಲು ನನ್ನ ಬೆರಳನ್ನು ಕಚ್ಚಿ ಹಿಡಿದವು. ರಕ್ತ ಬಂತು. ಬೆರಳು ತೆಗೆಯಲಿಲ್ಲ. ಸರ್ಕಾರಿ ಆಸ್ಪತ್ರೆಯವರೆಗೂ ಹಾಗೇ ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು ಒಂದು ಮಾತೂ ಕೇಳದೆ ನರ ಹುಡುಕಿ ಗ್ಲೂಕೋಸ್ ಕೊಟ್ಟರು. ಸಿರಿಂಜು ಖಾಲಿಯಾಗುವ ಮೊದಲೇ ಆಕೆ ಕಣ್ಣು ಬಿಟ್ಟಳು. ಸುತ್ತ ನೋಡಿ, ಮೊದಲು ಕೇಳಿದ್ದು ಒಂದೇ.

“ನಾನು ಎಲ್ಲಿ ಉಂಡೆ?”

ಆಸ್ಪತ್ರೆಯವರು ಎರಡು ದಿನ ಇಟ್ಟುಕೊಂಡರು. ಆಮೇಲೆ ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಮನೆ ಯಾವುದೆಂದು ಅವರು ಹೇಳುವಂತಿರಲಿಲ್ಲ. ನಮ್ಮ ಡಾಕ್ಟರ ಒಪ್ಪಿಗೆ ಪಡೆದು ಆರ್.ಟಿ. ನಗರಕ್ಕೆ, ನಮ್ಮ ಸಂಸ್ಥೆಯ ಒಳಕೋಣೆಗೆ ಕರೆತಂದೆ. ಗೋಡೆಯ ಆಚೆ ಗಿರಣಿ. ಹಗಲೆಲ್ಲ ಮಂಚ ಸಣ್ಣಗೆ ಅದುರುತ್ತಿತ್ತು, ರಾಗಿಯ ಬಿಸಿ ವಾಸನೆ ಹಾಸಿಗೆಗೂ ಹತ್ತಿತ್ತು. ಸಯ್ಯದನ ತಾಯಿ ಅಮೀನಾ ಬೀ ರಾತ್ರಿ ಆಕೆಯ ಬಳಿ ಮಲಗಲು ಒಪ್ಪಿದರು. ಒಂದು ರಾತ್ರಿ ಅವರು, ಒಂದು ರಾತ್ರಿ ನಾನು. ನಮ್ಮಪ್ಪ ಮನೆಯಲ್ಲಿ ಕೂಗಾಡಿದರು. ಅದು ಬೇರೆ ಕಥೆ.

ಬದುಕಿದ ಮೇಲೆ ಕಷ್ಟ ದೊಡ್ಡದಾಯಿತು. ಪಿಳ್ಳಮ್ಮ ಊಟ ಮಾಡಲೊಲ್ಲಳು. ತಟ್ಟೆ ಮುಂದಿಟ್ಟರೆ, ಇದು ಯಾರ ಪಾಳಿ ಎಂದು ಕೇಳುವಳು. ಉತ್ತರ ಸಿಗುವವರೆಗೂ ತುಟಿ ತೆರೆಯುವುದಿಲ್ಲ. ಉಣ್ಣದಿದ್ದರೆ ಇನ್ಸುಲಿನ್ ಕೊಡುವಂತಿಲ್ಲ, ಕೊಡದಿದ್ದರೆ ಸಕ್ಕರೆ ಏರುತ್ತದೆ, ಬೆನ್ನಿನ ಹುಣ್ಣು ಮಾಯುವುದಿಲ್ಲ. ಆಕೆ ತಿಂದದ್ದನ್ನು ಕಣ್ಣಾರೆ ನೋಡಿ ಆಮೇಲೆ ಚುಚ್ಚಿ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಒಂದು ಮುದ್ದೆ ಉಣ್ಣಿಸಲು ಬೆಳಗಿನಿಂದ ಮಧ್ಯಾಹ್ನವಾಗುತ್ತಿತ್ತು. ಒಂದು ದಿನ ಸಾಕಾಗಿ, ಇದು ನನ್ನ ಪಾಳಿ ಎಂದುಬಿಟ್ಟೆ. ಆಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ನಿನ್ನೇನ್ ಎತ್ತಿದ್ನಾ ನಾನು?” ಎಂದಳು. “ನಿಂಗ್ಯಾವ ಪಾಳಿ, ಓಗು.”

ಕೊನೆಗೆ ದಾರಿ ಕಂಡದ್ದು ಅಮೀನಾ ಬೀಗೆ. ತನ್ನ ತಟ್ಟೆಯಲ್ಲಿ ಅನ್ನ ಕಲಸಿ ತಾನು ಎರಡು ತುತ್ತು ತಿಂದು, ಹೊಟ್ಟೆ ತುಂಬಿತು, ಚೆಲ್ಲಬೇಕು, ಪಾಪ ಬರುತ್ತದೆ ಎಂದು ಗೊಣಗಿ ತಟ್ಟೆಯನ್ನು ಮಂಚದ ಮೇಲಿಡುವರು. ಎಂಜಲು ಊಟವಲ್ಲ, ಪಾಳಿಗೆ ಸೇರುವುದಿಲ್ಲ ಎಂದು ಪಿಳ್ಳಮ್ಮ ಲೆಕ್ಕ ಹಾಕಿಕೊಂಡಳೋ ಏನೋ. ತಿನ್ನುತ್ತಿದ್ದಳು. ಒಂದು ಕಾಲಕ್ಕೆ ಊರಿಗೆ ಸೊಪ್ಪು ಉಣ್ಣಿಸಿದವಳು ಎಂಜಲಿಗೆ ಮಾತ್ರ ಬಾಯಿ ತೆರೆಯುವುದನ್ನು ನಾನು ನೋಡಬೇಕಾಯಿತು. ರಾತ್ರಿಗಳಲ್ಲಿ ಆಕೆಗೂ ನಿದ್ದೆ ಇರಲಿಲ್ಲ, ನಮಗೂ ಇರಲಿಲ್ಲ. ಸ್ವಲ್ಪ ಕಣ್ಣು ಹತ್ತಿದರೆ ಆಟೋ ಬಂತೇ ಎಂದು ಎಚ್ಚೆತ್ತು ಕೇಳುವಳು. ಬೆವರಿದಳೇ ಎಂದು ನಾನು ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡುವೆ.

ಗಂಡುಮಕ್ಕಳಿಬ್ಬರಿಗೂ ಹೇಳಿ ಕಳಿಸಿದೆ. ಒಂದು ಭಾನುವಾರ ಬಂದರು. ಇಬ್ಬರೂ ಒಗೆದ ಬಟ್ಟೆ ಹಾಕಿಕೊಂಡಿದ್ದರು. ಒಬ್ಬರಿಗೊಬ್ಬರು ಜಾಗ ಬಿಟ್ಟು ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದರು. ಒಳಕೋಣೆಯ ಬಾಗಿಲು ತೆರೆದೇ ಇತ್ತು. ಇಬ್ಬರೂ ಆ ಕಡೆ ನೋಡಲಿಲ್ಲ. ಡಾಕ್ಟರು ಹದಿನೈದು ಹದಿನೈದು ದಿನ ಹಂಚಿಕೊಳ್ಳಿ ಎಂದರು. ತಿಂಗಳು ಒಡೆಯುವ ಪದ್ಧತಿ ಇಲ್ಲವೆಂದ ನಂಜುಂಡಪ್ಪ. ತಾನೂ ಅದನ್ನೇ ಹೇಳುವುದೆಂದ ಕೃಷ್ಣಪ್ಪ. ಆ ಮಾತಿನಲ್ಲಿ ಮಾತ್ರ ಅಣ್ಣತಮ್ಮ ಒಂದಾದರು. ಇಬ್ಬರೂ ತಾಯಿಯನ್ನು ಸಾಕುವುದಿಲ್ಲವೆಂದು ಎಂದೂ ಹೇಳಿಲ್ಲವೆಂದೂ, ತಮ್ಮ ತಿಂಗಳಲ್ಲಿ ಒಂದು ಹೊತ್ತೂ ಕಡಿಮೆ ಮಾಡಿಲ್ಲವೆಂದೂ, ಬೇಕಾದರೆ ಆಕೆಯನ್ನೇ ಕೇಳಿ ಎಂದೂ ಹೇಳಿದರು. ಅದು ನಿಜವೂ ಆಗಿತ್ತು. ಅವರವರ ತಿಂಗಳಲ್ಲಿ ಆಕೆಗೆ ಏನೂ ಕೊರತೆ ಇರಲಿಲ್ಲ.

ಆಗ ಒಳಗಿಂದ ಪಿಳ್ಳಮ್ಮನ ದನಿ ಬಂತು. ಗಿರಣಿ ನಿಂತ ಭಾನುವಾರ, ಪ್ರತಿ ಮಾತೂ ಕೇಳಿಸಿತು.

“ಲೇ ಕಿಟ್ಟ, ನಿನ್ನ ಬಸುರಿದ್ದಾಗ್ಲೂ ಅಧಿಕ ಮಾಸ ಬಂದಿತ್ತು ಕಣೋ. ಆ ತಿಂಗ್ಳು ನೀನು ಯಾರ ಒಟ್ಟೇಲಿದ್ದೆ?”

ಕೃಷ್ಣಪ್ಪ ಲೋಟದ ತಳವನ್ನು ನೋಡಿದ. ನಂಜುಂಡಪ್ಪ ನನ್ನ ಕಡೆ ತಿರುಗಿ ಕ್ಷಮೆ ಕೇಳುವವನ ಹಾಗೆ ಸಣ್ಣಗೆ ನಕ್ಕು, “ನಮ್ಮಮ್ಮಂಗೆ ಮೊದ್ಲಿಂದ್ಲೂ ಬಾಯಿ ಜಾಸ್ತಿ, ಬೇಜಾರ್ ಮಾಡ್ಕೋಬೇಡಿ” ಎಂದ. ಎದ್ದು ಹೋದರು. ಲೋಟಗಳನ್ನು ತೊಳೆದಿಡಬೇಕೇ ಎಂದು ಕೇಳುವ ಸೌಜನ್ಯವೂ ಕೃಷ್ಣಪ್ಪನಿಗಿತ್ತು.

ಆ ತಿಂಗಳೆಲ್ಲ ನಾನು ವೃದ್ಧರನ್ನು ಇಟ್ಟುಕೊಳ್ಳುವ ಮನೆಗಳನ್ನು ಹುಡುಕುತ್ತಾ ಬಸ್ಸು ಹತ್ತಿ ಇಳಿದೆ. ಆಗ ಊರಿನಲ್ಲಿ ಅಂಥವು ಬೆರಳೆಣಿಕೆಯಷ್ಟು. ಒಂದು ಕಡೆ ಎದ್ದು ಓಡಾಡುವವರಿಗೆ ಮಾತ್ರ ಜಾಗ. ಇನ್ನೊಂದು ಕಡೆ ಸೂಜಿ ಹಾಕುವವರಿಲ್ಲ. ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ, ಮಕ್ಕಳಿದ್ದಾರೆಯೇ. ಇದ್ದಾರೆ ಎಂದ ಕೂಡಲೇ ಮಾತು ಮುಗಿಯುತ್ತಿತ್ತು. ಬಾಗಲಗುಂಟೆ ದಾಟಿ ಹೆಸರಘಟ್ಟ ರಸ್ತೆಯಲ್ಲಿ ಹೋದರೆ, ಬಯಲಿನ ನಡುವೆ, ದಿಕ್ಕಿಲ್ಲದವರಿಗೆಂದೇ ನಡೆಸುತ್ತಿದ್ದ ಒಂದು ಮನೆ ಇತ್ತು. ಅಲ್ಲಿ ಸೂಜಿ ಹಾಕುವವರಿದ್ದರು, ಮಂಚವೂ ಖಾಲಿ ಇತ್ತು. ಅಲ್ಲಿನ ಮೇಲ್ವಿಚಾರಕಿ ನನ್ನ ಕಥೆಯನ್ನೆಲ್ಲ ಕೇಳಿದರು. ಕೆಟ್ಟ ಹೆಂಗಸಲ್ಲ. ಮಕ್ಕಳಿರುವವರನ್ನು ಒಬ್ಬರನ್ನು ತೆಗೆದುಕೊಂಡರೆ ನಾಳೆ ಊರೆಲ್ಲ ತಂದು ಗೇಟಿನ ಮುಂದೆ ಇಳಿಸಿ ಹೋಗುತ್ತಾರೆ, ಆಗ ನಿಜವಾಗಿ ದಿಕ್ಕಿಲ್ಲದವರಿಗೆ ಮಂಚ ಎಲ್ಲಿಂದ ತರಲಿ ಎಂದರು. ಆಮೇಲೆ ನನ್ನ ಮುಖ ನೋಡದೆ, ಯಾರೇ ಬಂದರೂ ನಾನು ಅವರ ಬಾಯಿಂದಲೇ ಕೇಳುವುದು, ಅವರು ಹೇಳಿದ್ದನ್ನು ನಂಬುವುದು ಎಂದರು.

ಇದನ್ನು ಡಾಕ್ಟರಿಗೆ ಹೇಳುತ್ತಿದ್ದಾಗ ಪಿಳ್ಳಮ್ಮ ಕೇಳಿಸಿಕೊಂಡಿದ್ದಳು. ಅಧಿಕ ಮಾಸ ಮುಗಿಯಲು ಕೆಲವೇ ದಿನ ಉಳಿದಿತ್ತು. ನಿಜ ಶ್ರಾವಣಕ್ಕೆ ಆಟೋ ತರುವುದಾಗಿ ಕೃಷ್ಣಪ್ಪ ಹೇಳಿ ಕಳಿಸಿದ್ದ. ಆತ ಮಾತಿಗೆ ತಪ್ಪುವವನಲ್ಲ. ಆಕೆ ನನ್ನನ್ನು ಕರೆದು, ಮತ್ತೆ ಅಧಿಕ ಮಾಸ ಯಾವಾಗ ಬರುತ್ತದೆ ಎಂದು ಕೇಳಿದಳು. ಮೂರು ವರ್ಷಕ್ಕೆ ಸ್ವಲ್ಪ ಒಳಗೆ ಎಂದೆ. ಆಕೆ ಗೋಡೆ ನೋಡುತ್ತಾ ಮಲಗಿದ್ದಳು. ಗಿರಣಿ ಅದುರುತ್ತಿತ್ತು.

“ಅಷ್ಟೊತ್ತಿಗೆ ನಾನು ಸಾಯ್ದಿದ್ರೆ ಕಷ್ಟ” ಎಂದಳು. “ಆ ಬಯಲ ಮನೇಗೆ ಕರ್ಕೊಂಡೋಗು.”

ಅಲ್ಲಿ ಏನು ಕೇಳುತ್ತಾರೆಂದು ಬಿಡಿಸಿ ಹೇಳಿದೆ. ಗೊತ್ತು ಎಂದಳು.

ಅಮಾವಾಸ್ಯೆ ಕಳೆದ ಬೆಳಗ್ಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಮೀನಾ ಬೀ ಆಕೆಗೆ ಹೊಟ್ಟೆ ತುಂಬ ಉಣ್ಣಿಸಿದ ಮೇಲೆ ನಾನು ಇನ್ಸುಲಿನ್ ಚುಚ್ಚಿದೆ. ಸೀರೆಯ ಸೆರಗಿನ ತುದಿಯಲ್ಲಿ ಒಂದು ಉಂಡೆ ಬೆಲ್ಲ ಕಟ್ಟಿದೆ. ಸಯ್ಯದ್ ಹಲಗೆ ಕೂಡಿಸಿ ಹಾಸಿಗೆ ಹಾಸಿದ. ಮಕ್ಕಳಿಗೆ ಮುಚ್ಚಿಡಬಾರದೆಂದು ಹಿಂದಿನ ದಿನವೇ ಹೇಳಿ ಕಳಿಸಿದ್ದೆ. ಅವರು ಬಂದು ಜಗಳ ತೆಗೆದಾರು, ಊರಿಗೆ ಮುಖ ತೋರಿಸುವುದು ಹೇಗೆಂದಾರು ಎಂದು ರಾತ್ರಿಯೆಲ್ಲ ಉತ್ತರಗಳನ್ನು ಹೊಂದಿಸಿಕೊಂಡಿದ್ದೆ. ನಾವು ಹೋಗುವಷ್ಟರಲ್ಲಿ ಇಬ್ಬರೂ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ನಿಂತಿದ್ದರು. ಈ ಸಲ ನಡುವೆ ಜಾಗ ಬಿಟ್ಟಿರಲಿಲ್ಲ. ಆಟೋ ಹಿಂದೆಯೇ ಜಗಲಿಯವರೆಗೆ ನಡೆದು ಬಂದರು. ನಾನು ಕಾದೆ. ಹಾಸಿಗೆಯ ಸಮೇತ ತಾಯಿಯನ್ನು ಇಳಿಸಲು ಇಬ್ಬರೂ ಸಯ್ಯದನ ಜೊತೆ ಕೈ ಜೋಡಿಸಿದರು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಮೇಲ್ವಿಚಾರಕಿ ಹೊರಗೆ ಬಂದರು. ಪಿಳ್ಳಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆಸರು ಕೇಳಿದರು, ಊರು ಕೇಳಿದರು. ಮಕ್ಕಳೆಷ್ಟು ಎಂದು ಕೇಳಿದರು.

“ಇಬ್ರು. ಗಂಡುಮಕ್ಳು.”

“ಎಲ್ಲಿದಾರೆ?”

“ಸತ್ತೋದ್ರು.”

ಬಯಲಲ್ಲಿ ಗಾಳಿ ಜೋರಾಗಿತ್ತು, ಆದರೂ ಕೇಳದಿರುವಷ್ಟು ದೂರದಲ್ಲಿ ಅವರಿಬ್ಬರೂ ಇರಲಿಲ್ಲ. ಮೇಲ್ವಿಚಾರಕಿ ಒಂದು ಗಳಿಗೆ ಅವರತ್ತ ಕಣ್ಣೆತ್ತಿದರು. ನಂಜುಂಡಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. ಕೃಷ್ಣಪ್ಪ ಚಪ್ಪಲಿಗೆ ಮೆತ್ತಿದ ಕೆಸರನ್ನು ಕಲ್ಲಿಗೆ ಉಜ್ಜುತ್ತಿದ್ದ. ಒಬ್ಬನಾದರೂ ಇಲ್ಲ, ನಾನಿದ್ದೇನೆ ಎನ್ನುತ್ತಾನೆಂದು ಆ ಕೊನೆಯ ಕ್ಷಣದಲ್ಲಿ ನಾನು ಕಾದೆ. ಪಿಳ್ಳಮ್ಮನೂ ಕಾದಳೆಂದೇ ನನ್ನ ನಂಬಿಕೆ.

“ಯಾವಾಗಮ್ಮ?” ಎಂದು ಮೇಲ್ವಿಚಾರಕಿ ಎರಡನೆಯ ಸಲ ಕೇಳಿದರು.

“ಅಧಿಕ ಮಾಸದಾಗೆ.”

ಆಕೆಯನ್ನು ಒಳಗೆ ಮಲಗಿಸಿದರು. ಹಿತ್ತಾಳೆ ಲೋಟದಲ್ಲಿ ಗಂಜಿ ಬಂತು. ಲೋಟವನ್ನು ಬಾಯಿಯವರೆಗೆ ಎತ್ತಿ ಆಕೆ ಅಲ್ಲೇ ತಡೆದಳು. ಅಭ್ಯಾಸದ ಆ ಪ್ರಶ್ನೆ ತುಟಿಯವರೆಗೆ ಬಂದದ್ದು ನನಗೆ ಕಂಡಿತು. ಕೇಳಲಿಲ್ಲ. ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಮಂಚದ ಕೆಳಗೆ ತಾನೇ ಕೈ ಚಾಚಿ ಇಟ್ಟಳು. ನಾನು ಹೊರಗೆ ಬಂದಾಗ ಹೊಂಗೆ ಮರದ ಕೆಳಗೆ ಯಾರೂ ಇರಲಿಲ್ಲ.

ಆ ರಾತ್ರಿ ಪಿಳ್ಳಮ್ಮ ಒಂದು ಸಲವೂ ಏಳಲಿಲ್ಲವೆಂದು, ಬೆಳಗ್ಗೆ ಸೂಜಿ ಹಾಕಲು ಎಬ್ಬಿಸಬೇಕಾಯಿತೆಂದು ಮೇಲ್ವಿಚಾರಕಿ ಆಮೇಲೆ ಹೇಳಿದರು. ಅಮೀನಾ ಬೀ ನಮಾಜಿನ ಹೊತ್ತು ಮೀರಿ ಮಲಗಿದ್ದರಂತೆ. ಮನೆಯಲ್ಲಿ ಊಟವನ್ನೂ ಮಾಡದೆ ಬಿದ್ದುಕೊಂಡಿದ್ದ ನನ್ನನ್ನು, ಬಿಸಿಲು ಕಾಲಿನ ಮೇಲೆ ಬಿದ್ದಾಗ ಅಮ್ಮ ಅಲುಗಾಡಿಸಿ ಎಬ್ಬಿಸಿದಳು. ಯಶವಂತಪುರದ ಮನೆಯಲ್ಲೂ, ಯಲಹಂಕದ ಮನೆಯಲ್ಲೂ ಆ ರಾತ್ರಿ ಚೆನ್ನಾಗಿಯೇ ನಿದ್ದೆ ಬಂದಿರಬೇಕು.